ಚೀಲದೊಳಗೆ ಉಳಿದ ಕೆಲಸ

(ಮೈಸೂರಿನ ಕುವೆಂಪುನಗರದಲ್ಲಿ ನಡೆದ ನಿವಾಸಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ಈ ಚೀಲ ನನ್ನದಲ್ಲ. ಜನ ಕೊಡುವ ಹಳೆಯ ಬಟ್ಟೆಯನ್ನು ಸೇರಿಸಿಡುವ ನಮ್ಮ ಸಂಗ್ರಹ ಕೋಣೆಗೆ ನಿನ್ನೆ ಬಂದದ್ದು. ಕೊಟ್ಟವರು ಯಾರೆಂದು ಗೊತ್ತಿಲ್ಲ, ಗೊತ್ತಿದ್ದರೂ ಹೇಳುತ್ತಿರಲಿಲ್ಲ. ಬಾಗಿಲ ಬಳಿ ಇಟ್ಟು ಹೊರಟುಹೋಗಿದ್ದಾರೆ. ಗಂಟು ಬಿಚ್ಚದೆ ಹಾಗೆಯೇ ತಂದಿದ್ದೇನೆ; ಒಳಗೆ ಏನಿದೆ ಎಂದು ನಿಮ್ಮ ಜೊತೆಯಲ್ಲೇ ನೋಡೋಣ. ಹಳೆಯ ಬಟ್ಟೆಯ ವಿಚಾರದಲ್ಲಿ ನಾನು ಹೇಳಬೇಕಾದ್ದರಲ್ಲಿ ಮುಕ್ಕಾಲು ಪಾಲು ಇಂಥ ಯಾವ ಚೀಲದಲ್ಲಿ ಕೈ ಹಾಕಿದರೂ ಸಿಗುತ್ತದೆ.

ಮೊದಲು ಸಿಕ್ಕಿದ್ದು ಗಂಡಸರ ತುಂಬುತೋಳಿನ ಅಂಗಿ. ಬಿಳಿಯ ಮೇಲೆ ನೀಲಿ ಗೆರೆ. ಕಾಲರ್ ಸವೆದಿದೆ, ಬಟ್ಟೆ ಮಾತ್ರ ಗಟ್ಟಿಯಾಗಿದೆ. ಬಲಗೈ ಮಣಿಕಟ್ಟಿನ ಗುಂಡಿ ಇಲ್ಲ. ಆಮೇಲೆ ಒಂದು ಮೇಲುಹಾಸು. ಇದರ ಮೂಲೆ ಒದ್ದೆಯಾಗಿದೆ, ನೋಡಿ. ಜೊತೆಗೆ ಸುತ್ತಿಕೊಂಡಿದ್ದ ಟವೆಲ್ಲಿಗೂ ಮುಗ್ಗಲು ಹಿಡಿದಿದೆ. ಮುಂದಿನ ಸಾಲಿನವರು ಮೂಗು ಮುಚ್ಚಿಕೊಂಡದ್ದರಲ್ಲಿ ತಪ್ಪಿಲ್ಲ. ಕಾಲುಚೀಲ ಮೂರು, ಒಂದಕ್ಕೊಂದು ಜೋಡಿಯಲ್ಲ. ಖಾಸಗಿ ಶಾಲೆಯೊಂದರ ಸಮವಸ್ತ್ರ, ಎದೆಯ ಮೇಲೆ ಶಾಲೆಯ ಲಾಂಛನದ ಕಸೂತಿ. ಎರಡು ಸಿಂಥೆಟಿಕ್ ಸೀರೆ, ಇಸ್ತ್ರಿ ಮಾಡಿ ಮಡಿಸಿದ್ದು. ಆ ಮನೆಯಲ್ಲಿ ಒಬ್ಬರಾದರೂ ತೆಗೆದುಕೊಳ್ಳುವವರ ಮುಖ ನೆನೆದು ಕೊಟ್ಟಿದ್ದಾರೆ ಎಂದಾಯಿತು. ತಳದಲ್ಲಿ ಒಂದು ದಿಂಬು.

ಈಗ ಲೆಕ್ಕ ಹಾಕಿ. ಒದ್ದೆ ಮೂಲೆಯ ಒಂದು ಮೇಲುಹಾಸನ್ನು ಪ್ಲಾಸ್ಟಿಕ್ ಚೀಲದೊಳಗೆ ಗಂಟು ಕಟ್ಟಿಟ್ಟರೆ ಮಳೆಗಾಲದಲ್ಲಿ ಎರಡು ದಿನ ಸಾಕು, ಒಳಗಿನದ್ದೆಲ್ಲ ವಾಸನೆ ಹಿಡಿಯುತ್ತದೆ. ಇಸ್ತ್ರಿ ಮಾಡಿದ ಸೀರೆಯನ್ನೂ ಮತ್ತೆ ಒಗೆಯಬೇಕು. ಗುಂಡಿ ಹುಡುಕಿ ಹಾಕಬೇಕು. ಕಸೂತಿ ಬಿಚ್ಚಬೇಕು. ಕಾಲುಚೀಲವನ್ನು ಏನು ಮಾಡುವುದೆಂದು ಯಾರಾದರೂ ಒಬ್ಬರು ಕುಳಿತು ಯೋಚಿಸಬೇಕು. ಕೊಟ್ಟವರ ಮನೆಯಲ್ಲಿ ಹತ್ತು ನಿಮಿಷದಲ್ಲಿ ಮುಗಿಯುತ್ತಿದ್ದ ಕೆಲಸ ನಮ್ಮ ಕೋಣೆಯಲ್ಲಿ ಅರ್ಧ ದಿನ ತಿನ್ನುತ್ತದೆ. ಅಲ್ಲಿ ವಿಂಗಡಿಸಲು ಬರುವವರು ತಮ್ಮ ಮನೆಯ ಅಡುಗೆ, ಬಟ್ಟೆ ಮುಗಿಸಿ ಬರುವ ಹೆಂಗಸರು. ನಾವು ಕೊಡುತ್ತಿರುವುದು ಬಟ್ಟೆಯನ್ನೋ, ನಮ್ಮ ಮನೆಯಲ್ಲಿ ಮಾಡದೆ ಬಿಟ್ಟ ಕೆಲಸವನ್ನೋ? ಇವತ್ತು ನಿಮ್ಮ ಮುಂದೆ ಇಡಬೇಕೆಂದಿರುವುದು ಈ ಒಂದು ಪ್ರಶ್ನೆಯನ್ನು.

ಅಂಗಿಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಈ ಚೀಲದಲ್ಲಿ ಅತ್ಯಂತ ಬೆಲೆಬಾಳುವ ವಸ್ತು ಅದೇ. ನೀವು ಸೀರೆ ಅಂದುಕೊಂಡಿರಬಹುದು. ಮಂಡ್ಯದ ಕಡೆ ಬಸ್ಸಿನಲ್ಲಿ ಹೋಗುವಾಗ ಕಬ್ಬಿನ ಗದ್ದೆಗಳಲ್ಲಿ ಕೆಲಸ ಮಾಡುವ ಹೆಂಗಸರನ್ನು ಗಮನಿಸಿದ್ದೀರಾ? ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಟ್ಟಿರುತ್ತಾರೆ. ತಲೆಗೊಂದು ಟವೆಲ್ ಸುತ್ತಿರುತ್ತಾರೆ. ಬಿಸಿಲಿಗೆ ಎಂದು ನಾವು ತಿಳಿಯುತ್ತೇವೆ. ಬಿಸಿಲಿಗೂ ಹೌದು, ಆದರೆ ಅದಕ್ಕಿಂತ ಹೆಚ್ಚಾಗಿ ಕಬ್ಬಿನ ಗರಿಗೆ. ಆ ಗರಿಯ ಅಂಚಿನಲ್ಲಿ ಗರಗಸದಂಥ ಸಣ್ಣ ಹಲ್ಲುಗಳಿವೆ. ಬರಿಗೈ ತಗುಲಿದರೆ ಗೆರೆ ಎಳೆದ ಹಾಗೆ ಕೊಯ್ಯುತ್ತದೆ. ಬುಡದ ಸಿಪ್ಪೆಯ ಮೇಲಿನ ಸುಂಕು, ಅಂದರೆ ಚುಚ್ಚುವ ಸಣ್ಣ ರೋಮ, ಚರ್ಮಕ್ಕೆ ಹತ್ತಿದರೆ ಸಂಜೆಯವರೆಗೂ ತುರಿಕೆ. ಆದ್ದರಿಂದ ಅವರಿಗೆ ಬೇಕಾದದ್ದು ಗಟ್ಟಿ ನೂಲಿನ, ಬೆವರು ಹೀರುವ, ಉದ್ದ ತೋಳಿನ ಅಂಗಿ. ಕಾಲರ್ ಸವೆದಿದ್ದರೆ ಯಾರಿಗೂ ಚಿಂತೆಯಿಲ್ಲ. ಬಣ್ಣ ಮಾಸಿದ್ದರೆ ಒಳ್ಳೆಯದೇ. ಮಣಿಕಟ್ಟಿನ ಗುಂಡಿ ಮಾತ್ರ ಇರಲೇಬೇಕು. ತೋಳಿನ ಬಾಯಿ ತೆರೆದಿದ್ದರೆ ಗರಿ ಒಳಗೆ ನುಗ್ಗುತ್ತದೆ, ಅಂಗಿ ಹಾಕಿಕೊಂಡೂ ಹಾಕಿಕೊಳ್ಳದ ಹಾಗೆ.

ಕಚೇರಿಗೆ ಹೋಗುವವರ ಮನೆಯಲ್ಲಿ ಅಂಗಿ ಬೀರುವಿನಿಂದ ಹೊರಬೀಳುವುದು ಕಾಲರ್ ಸವೆದಾಗ. ಗದ್ದೆಗೆ ಹೋಗುವವರಿಗೆ ಕಾಲರ್ ಬೇಡ, ಮಣಿಕಟ್ಟಿನ ಗುಂಡಿ ಬೇಕು. ಆದರೆ ನಾವು ಎಂಥವರೆಂದರೆ, ಕೊಡುವ ಮೊದಲು ಚೆನ್ನಾಗಿರುವ ಗುಂಡಿಗಳನ್ನು ಕಿತ್ತು ಡಬ್ಬಿಗೆ ಹಾಕಿಟ್ಟುಕೊಳ್ಳುತ್ತೇವೆ! ನಗುತ್ತಿರುವವರಲ್ಲಿ ಅರ್ಧದಷ್ಟು ಜನರ ಮನೆಯಲ್ಲಿ ಆ ಡಬ್ಬಿ ಇದೆ, ಬಲ್ಲೆ.

ಕಬ್ಬು ಕಡಿಯುವ ಕಾಲದಲ್ಲಿ ಹೊರ ಜಿಲ್ಲೆಗಳಿಂದಲೂ ಕೂಲಿ ಗುಂಪುಗಳು ಸಂಸಾರ ಸಮೇತ ಬಂದು ಗದ್ದೆಯ ಬದಿಯಲ್ಲಿ ಟಾರ್ಪಾಲಿನ ಗುಡಿಸಲು ಹಾಕಿಕೊಳ್ಳುತ್ತವೆ. ಚಳಿಗಾಲದಲ್ಲಿ ನಾಲೆಯ ಪಕ್ಕದ ಬಯಲಿನಲ್ಲಿ ರಾತ್ರಿ ಎಂಥ ಥಂಡಿ ಇರುತ್ತದೆ ಎಂಬುದು ಮಂಡ್ಯದವರಿಗೆ ಗೊತ್ತು. ಅವರಿಗೆ ಬೇಕಾದದ್ದು ರಗ್ಗು, ದಪ್ಪ ದುಪ್ಪಟಿ, ಮಕ್ಕಳ ಸ್ವೆಟರ್. ನಮ್ಮ ಕೋಣೆಗೆ ಬಂದು ಬೀಳುವುದು ಕುರ್ತಾ, ಲೆಗ್ಗಿಂಗ್ಸ್, ಒಮ್ಮೆ ಮಾತ್ರ ತೊಟ್ಟ ಮಿಣಿಮಿಣಿ ಗಾಗ್ರಾ. ಬಯಲಿನ ಗುಡಿಸಲಿನಲ್ಲಿ ಗಾಗ್ರಾ ತೊಟ್ಟು ಏನು ಮಾಡುವುದು?

ಹಿಂದಿನವರು ಬಟ್ಟೆಯನ್ನು ಕೊನೆಯ ಎಳೆಯವರೆಗೂ ಬಳಸುತ್ತಿದ್ದರು ಎಂದು ಈಗ ತಾನೇ ಅಧ್ಯಕ್ಷರು ಹೇಳಿದರು. ನಿಜ. ಸೀರೆ ಹಳತಾದರೆ ಮಕ್ಕಳ ಲಂಗ, ಆಮೇಲೆ ಜೋಲಿ, ಆಮೇಲೆ ಬೊಂತೆಯ ಒಳಪದರ, ಅಲ್ಲಿಂದ ಒರೆಸುವ ಬಟ್ಟೆ, ಕೊನೆಗೆ ಒಲೆಯ ಪಕ್ಕದ ಮಸಿಬಟ್ಟೆ. ಬಾಣಂತಿಯ ಕೋಣೆಗೆ ಹೊಸ ಬಟ್ಟೆ ತರುತ್ತಿರಲಿಲ್ಲ. ನೂರು ಸಲ ಒಗೆದು ಮೆದುವಾದ ಪಂಚೆಯಲ್ಲೇ ಕೂಸನ್ನು ಸುತ್ತುತ್ತಿದ್ದರು. ಇದರಲ್ಲಿ ಅವರ ಜಾಣತನವಿದೆ, ಒಪ್ಪುತ್ತೇನೆ. ಆದರೆ ಅದನ್ನೇ ದೊಡ್ಡ ಪುಣ್ಯ ಎಂಬಂತೆ ಹಾಡಿ ಹೊಗಳುವುದಕ್ಕೆ ನನಗೆ ಮನಸ್ಸಿಲ್ಲ. ವರ್ಷಕ್ಕೆ ಎರಡು ಜೊತೆ ಬಟ್ಟೆ ಬರುತ್ತಿದ್ದ ಮನೆಯಲ್ಲಿ ಬೇರೆ ದಾರಿ ಇರಲಿಲ್ಲ. ಮುಖ್ಯವಾಗಿ, ಅದು ಹತ್ತಿ. ಹತ್ತಿ ಸವೆಯುತ್ತ ಮೆದುವಾಗುತ್ತದೆ, ನೀರು ಹೀರುತ್ತದೆ, ಮಣ್ಣಿಗೆ ಬಿದ್ದರೆ ಕೊಳೆಯುತ್ತದೆ. ನಿಮ್ಮ ಪಾಲಿಯೆಸ್ಟರ್ ಸೀರೆಯಿಂದ ಮಸಿಬಟ್ಟೆ ಮಾಡಿ ನೋಡಿ, ಚೆಲ್ಲಿದ ಹಾಲನ್ನು ಕಲ್ಲಿನ ಈ ತುದಿಯಿಂದ ಆ ತುದಿಗೆ ತಳ್ಳುತ್ತದೆ, ಅಷ್ಟೆ. ಬಿಸಿ ಪಾತ್ರೆ ಹಿಡಿದರೆ ಕರಗಿ ಬೆರಳಿಗೆ ಅಂಟಿಕೊಳ್ಳುತ್ತದೆ.

ಹಳೆಯ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವ ಹೆಂಗಸರು ತಲೆಯ ಮೇಲೆ ಬುಟ್ಟಿ ಹೊತ್ತು ಬೀದಿಯಲ್ಲಿ ಕೂಗುತ್ತಿದ್ದದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬೇಕು. ಅವರು ಸೀರೆಯನ್ನು ಬೆಳಕಿಗೆ ಹಿಡಿದು, ಎಲ್ಲಿ ಜಾಳಾಗಿದೆ, ಎಲ್ಲಿ ಪಿಸಿದಿದೆ ಎಂದು ನೋಡಿದ ಮೇಲೆಯೇ ಡಬರಿಯೋ ಲೋಟವೋ ಎಂದು ತೀರ್ಮಾನಿಸುತ್ತಿದ್ದರು. ಚೌಕಾಸಿ ಅರ್ಧ ಗಂಟೆ ನಡೆಯುತ್ತಿತ್ತು. ವಿಂಗಡಿಸುವ ವಿದ್ಯೆಯನ್ನು ಅವರಿಗಿಂತ ಚೆನ್ನಾಗಿ ಬಲ್ಲವರನ್ನು ನಾನು ನೋಡಿಲ್ಲ. ಇಲ್ಲೊಂದು ಉಪಕಥೆ ಹೇಳಿ ಮುಂದೆ ಹೋಗುತ್ತೇನೆ. ಹಳೆಯ ಜರಿ ಸೀರೆ ಕೊಳ್ಳುತ್ತೇವೆ ಎಂದು ಈಗಲೂ ಕೆಲವರು ಮನೆಬಾಗಿಲಿಗೆ ಬರುತ್ತಾರೆ. ಅವರಿಗೆ ಬೇಕಾದದ್ದು ಸೀರೆಯಲ್ಲ, ಅಂಚು. ಅದನ್ನು ಸುಟ್ಟು ಬೆಳ್ಳಿ ತೆಗೆಯುತ್ತಾರೆ. ನಮ್ಮ ಮಾನಂದವಾಡಿ ರಸ್ತೆಯ ರೇಷ್ಮೆ ನೇಯ್ಗೆ ಕಾರ್ಖಾನೆ 1912ರಲ್ಲಿ ಶುರುವಾದದ್ದು. ಅಲ್ಲಿನ ಮೈಸೂರು ಸಿಲ್ಕ್ ಜರಿಯಲ್ಲಿ ಶೇಕಡಾ 65 ಬೆಳ್ಳಿ, ಶೇಕಡಾ 0.65 ಚಿನ್ನ. ಅಜ್ಜಿಯ ಪೆಟ್ಟಿಗೆಯಲ್ಲಿ ಅಂಥದ್ದೊಂದು ಇದ್ದರೆ ಪಾತ್ರೆಗೂ ಕೊಡಬೇಡಿ, ನಮಗೂ ಕೊಡಬೇಡಿ. ತೂಕ ಮಾಡಿಸಿ, ನಾಲ್ಕು ಕಡೆ ವಿಚಾರಿಸಿ.

ಚೀಲದಲ್ಲಿರುವುದರಲ್ಲಿ ಯಾವುದು ಹತ್ತಿ, ಯಾವುದು ಅಲ್ಲ ಎಂದು ತಿಳಿಯುವುದು ಹೇಗೆ? ಈ ಬೆಂಕಿಪೊಟ್ಟಣ ತಂದಿರುವುದು ಅದಕ್ಕೇ. ಅಂಗಿಯ ಒಳಮಡಿಕೆಯಿಂದ ಒಂದು ಎಳೆ ಕಿತ್ತಿದ್ದೇನೆ. ಹೊಲಿಗೆಯ ದಾರವನ್ನಲ್ಲ, ಬಟ್ಟೆಯದೇ ಎಳೆಯನ್ನು. ಹೊಲಿಗೆ ದಾರ ಸಾಮಾನ್ಯವಾಗಿ ಪಾಲಿಯೆಸ್ಟರ್ ಆಗಿರುತ್ತದೆ. ನೋಡಿ, ಕಾಗದದ ಹಾಗೆ ಉರಿಯಿತು, ವಾಸನೆಯೂ ಸುಟ್ಟ ಕಾಗದದ್ದೇ, ಉಳಿದದ್ದು ಊದಿದರೆ ಹಾರುವ ಬೂದಿ. ಇದು ಹತ್ತಿ. ಈಗ ಸೀರೆಯ ಎಳೆ. ಉರಿಯಿಂದ ಹಿಂದೆ ಸರಿಯಿತು, ಮುದುಡಿತು, ತುದಿಯಲ್ಲಿ ಕಪ್ಪು ಮಣಿ ಕಟ್ಟಿತು. ಆರಿದ ಮೇಲೆ ಉಗುರಿನಿಂದ ಒತ್ತಿದರೂ ಒಡೆಯುವುದಿಲ್ಲ. ಇದು ಪಾಲಿಯೆಸ್ಟರ್. ರೇಷ್ಮೆ, ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ. ಎರಡೂ ಗುಣ ಒಟ್ಟಿಗೆ ಕಂಡರೆ, ಅಂದರೆ ಸ್ವಲ್ಪ ಬೂದಿ, ಸ್ವಲ್ಪ ಗಟ್ಟಿ ಕರಕಲು ಉಳಿದರೆ, ಅದು ಮಿಶ್ರಣ. ಈಗ ಅಂಗಡಿಯಲ್ಲಿ ಕಾಟನ್ ಎಂದು ಕೊಡುವುದರಲ್ಲಿ ಬಹಳಷ್ಟು ಈ ಮೂರನೆಯ ಜಾತಿ. ಮಕ್ಕಳ ಕೈಗೆ ಈ ಪರೀಕ್ಷೆ ಕೊಡಬೇಡಿ. ಕರಗಿದ ಮಣಿ ಚರ್ಮಕ್ಕೆ ಬಿದ್ದರೆ ಗಾಯ ಆಳವಾಗುತ್ತದೆ.

ಇಷ್ಟು ಗೊತ್ತಾದರೆ ಅರ್ಧ ವಿಂಗಡಣೆ ಮುಗಿದ ಹಾಗೆ. ತೊಡಲು ಬಾರದ ಶುದ್ಧ ಹತ್ತಿಗೆ ಗಿರಾಕಿಗಳಿದ್ದಾರೆ: ಗ್ಯಾರೇಜುಗಳು, ಮುದ್ರಣಾಲಯಗಳು, ಲೇತ್ ಅಂಗಡಿಗಳು. ಎಣ್ಣೆ, ಗ್ರೀಸ್, ಶಾಯಿ ಒರೆಸಲು ಅವರು ಚಿಂದಿಯನ್ನು ಕಿಲೋ ಲೆಕ್ಕದಲ್ಲಿ ದುಡ್ಡು ಕೊಟ್ಟು ಕೊಳ್ಳುತ್ತಾರೆ. ಹಳೆಯ ಬನಿಯನ್ ಆದರಂತೂ ಕಣ್ಣಿಗೊತ್ತಿಕೊಳ್ಳುತ್ತಾರೆ. ಒಗೆದು, ಗುಂಡಿ ಮತ್ತು ಜಿಪ್ ಕತ್ತರಿಸಿ, ಅಂಗೈ ಎರಡರಷ್ಟು ತುಂಡು ಮಾಡಿ ಒಂದು ಚೀಲ ತುಂಬಿಸಿಟ್ಟರೆ ನಿಮ್ಮ ಸ್ಕೂಟರ್ ರಿಪೇರಿ ಮಾಡುವವನೇ ಸಂತೋಷದಿಂದ ತೆಗೆದುಕೊಳ್ಳುತ್ತಾನೆ.

ಮರುಬಳಕೆ, ಅಂದರೆ ಹಳೆಯ ಬಟ್ಟೆಯಿಂದ ಮತ್ತೆ ನೂಲು, ಆಗುವುದಿಲ್ಲವೇ ಎಂದು ಕೇಳುತ್ತೀರಿ. ಆಗುತ್ತದೆ, ಆದರೆ ಬಹಳ ದೂರದಲ್ಲಿ. ಇದು ಇನ್ನೂರು ವರ್ಷ ಹಿಂದಿನ ವಿದ್ಯೆ. 1813ರಲ್ಲಿ ಇಂಗ್ಲೆಂಡಿನ ಯಾರ್ಕ್‌ಶೈರ್ ಸೀಮೆಯ ಬ್ಯಾಟ್ಲಿ ಎಂಬ ಊರಿನಲ್ಲಿ ಬೆಂಜಮಿನ್ ಲಾ ಎಂಬಾತ ಉಣ್ಣೆಯ ಚಿಂದಿಯನ್ನು ಹರಿದು, ಹೊಸ ಉಣ್ಣೆಯ ಜೊತೆ ಬೆರೆಸಿ ನೂಲು ತೆಗೆದ. ಶಾಡಿ ಎಂದು ಅದರ ಹೆಸರು. ನಮ್ಮ ದೇಶದಲ್ಲಿ ಆ ಉದ್ಯಮ ನೆಲೆಯೂರಿದ್ದು ಹರಿಯಾಣದ ಪಾಣಿಪತ್‌ನಲ್ಲಿ. ಶ್ರೀಮಂತ ದೇಶಗಳು ಬಿಸಾಡಿದ ಕೋಟು, ಸ್ವೆಟರುಗಳು ಹಡಗಿನಲ್ಲಿ ಬರುತ್ತವೆ. ಮತ್ತೆ ಮಾರಾಟವಾಗದಿರಲೆಂದು ಅವನ್ನು ಸೀಳಲಾಗುತ್ತದೆ. ಹೆಂಗಸರು ಸಾಲಾಗಿ ಕುಳಿತು ಜಿಪ್, ಗುಂಡಿ, ಪಟ್ಟಿ ಕತ್ತರಿಸಿ ಬಣ್ಣಬಣ್ಣವಾಗಿ ರಾಶಿ ಮಾಡುತ್ತಾರೆ. ಕೆಂಪು ರಾಶಿಯಿಂದ ಕೆಂಪು ನೂಲು, ಬೂದು ರಾಶಿಯಿಂದ ಬೂದು. ಮತ್ತೆ ಬಣ್ಣ ಹಾಕುವ ಗೋಜಿಲ್ಲ. ಆಮೇಲೆ ಯಂತ್ರದ ಹಲ್ಲುಗಳಿಗೆ ಕೊಟ್ಟು ನಾರು ಮಾಡಿ, ನೂತು, ಕಂಬಳಿ ನೇಯುತ್ತಾರೆ. ನೆರೆ, ಭೂಕಂಪ ಬಂದಾಗ ಹಂಚುವ ಒರಟು ಬೂದು ಕಂಬಳಿಗಳಲ್ಲಿ ಬಹುಪಾಲು ಆ ಊರಿನದೇ. ಈಚೆಗೆ ಪಾಲಿಯೆಸ್ಟರಿನ ಮೆತ್ತನೆಯ ಹೊದಿಕೆಗಳು ಅಗ್ಗವಾಗಿ ಬಂದು ಆ ವ್ಯಾಪಾರಕ್ಕೂ ಏಟು ಕೊಟ್ಟಿವೆ.

ಹೀಗೆ ಹರಿಯುವಾಗ ನಾರು ತುಂಡಾಗುತ್ತದೆ. ತುಂಡು ನಾರಿನ ನೂಲಿಗೆ ಗಟ್ಟಿತನವಿಲ್ಲ, ಹೊಸ ನಾರನ್ನು ಬೆರೆಸಲೇಬೇಕು. ಹತ್ತಿ, ಪಾಲಿಯೆಸ್ಟರ್ ಹೆಣೆದುಕೊಂಡ ಬಟ್ಟೆಯಲ್ಲಂತೂ ಒಂದನ್ನೊಂದು ಬಿಡಿಸುವುದು ದುಬಾರಿ ಕೆಲಸ. ಎಳೆದರೆ ಹಿಗ್ಗುವ ಜೀನ್ಸ್‌ನಲ್ಲಿ ಮೂರನೆಯದೊಂದು ನಾರೂ ಸೇರಿರುತ್ತದೆ. ಮೈಸೂರಿನಿಂದ ಪಾಣಿಪತ್‌ಗೆ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ. ನಿಮ್ಮ ಒಂದು ಚೀಲ ಅಲ್ಲಿಗೆ ಹೋಗುವುದಿಲ್ಲ. ಲಾರಿ ತುಂಬುವಷ್ಟು, ವಿಂಗಡಿಸಿದ, ಒಣಗಿದ ಸರಕು ಇದ್ದರೆ ಮಾತ್ರ ಬಾಡಿಗೆ ಗಿಟ್ಟುತ್ತದೆ. ಮರುಬಳಕೆಯಾಗುತ್ತದೆ ಬಿಡಿ ಎಂಬ ಧೈರ್ಯದಲ್ಲಿ ಹೊಸ ಬಟ್ಟೆ ಕೊಳ್ಳುವವರಿಗೆ ಇಷ್ಟು ಹೇಳಬೇಕಿತ್ತು.

ಕಸದ ಗಾಡಿಗೆ ಹಾಕಿದರೆ? ನಿಯಮದ ಪ್ರಕಾರ ಬಟ್ಟೆ ಒಣ ಕಸ. ದೇಶದ ಸ್ವಚ್ಛ ನಗರಗಳ ಪಟ್ಟಿಯಲ್ಲಿ 2015, 2016ರಲ್ಲಿ ಮೊದಲ ಸ್ಥಾನ ಪಡೆದ ಊರು ನಮ್ಮದು, ಆದರೂ ಹಳೆಯ ಟವೆಲ್ಲನ್ನು ಹುಳಿ ಚೆಲ್ಲಿದ ಬಕೆಟ್ಟಿನಲ್ಲೇ ಹಾಕುವವರು ಇದ್ದಾರೆ. ಕುಂಬಾರಕೊಪ್ಪಲಿನ ಶೂನ್ಯ ತ್ಯಾಜ್ಯ ಘಟಕಕ್ಕೆ ಒಮ್ಮೆ ಹೋಗಿ ಬನ್ನಿ. ಒಣ ಕಸವನ್ನು ಕೈಯಿಂದ ಎಷ್ಟು ಬಗೆಯಾಗಿ ಬೇರ್ಪಡಿಸುತ್ತಾರೆ ಎಂದು ನೋಡಿದರೆ ಮನೆಗೆ ಬಂದು ಬಕೆಟ್ ಬದಲಾಯಿಸುತ್ತೀರಿ. ಗೊಬ್ಬರ ಮಾಡುವ ಕಡೆ ಬಟ್ಟೆ ಎಂದರೆ ಯಂತ್ರಕ್ಕೆ ಶತ್ರು. ತಿರುಗುವ ದಂಡಕ್ಕೆ ಸೀರೆ ಸುತ್ತಿಕೊಂಡರೆ ಎಲ್ಲ ನಿಲ್ಲಿಸಿ ಕತ್ತರಿಸಿ ಬಿಡಿಸಬೇಕು.

ಇನ್ನು ವಿಪತ್ತಿನ ದಾನ. 2004ರ ಡಿಸೆಂಬರಿನಲ್ಲಿ ಸುನಾಮಿ ಬಂದಾಗ ತಮಿಳುನಾಡಿನ ಕರಾವಳಿಗೆ ದೇಶದ ಎಲ್ಲ ಕಡೆಯಿಂದ ಹಳೆಯ ಬಟ್ಟೆ ಹೋಯಿತು. ಮೀನುಗಾರ ಕುಟುಂಬಗಳು ಅದನ್ನು ಮುಟ್ಟಲಿಲ್ಲ. ನಿನ್ನೆಯವರೆಗೆ ಸ್ವಂತ ದೋಣಿ ಇಟ್ಟುಕೊಂಡಿದ್ದವರು ಪರರ ಹರಕು ಬಟ್ಟೆಯನ್ನು ಏಕೆ ಉಡಬೇಕು? ಬಟ್ಟೆ ರಸ್ತೆಬದಿಯಲ್ಲಿ ರಾಶಿರಾಶಿ ಬಿದ್ದಿತು. ಆ ರಾಶಿಯನ್ನು ವಿಂಗಡಿಸಿ ಬಳಕೆಗೆ ತಂದವರಲ್ಲಿ ಗೂಂಜ್ ಎಂಬ ಸಂಸ್ಥೆ ಒಂದು. ಅಂಶು ಗುಪ್ತ ಅದನ್ನು 1999ರಲ್ಲಿ ದೆಹಲಿಯಲ್ಲಿ ಆರಂಭಿಸಿದರು; 2015ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅವರ ಕ್ರಮದಲ್ಲಿ ನನಗೆ ಹಿಡಿಸಿದ್ದು ಒಂದೇ. ಊರಿನವರು ಸೇರಿ ಬಾವಿ ತೋಡುತ್ತಾರೆ, ದಾರಿ ರಿಪೇರಿ ಮಾಡುತ್ತಾರೆ. ಅದಕ್ಕೆ ಪ್ರತಿಯಾಗಿ ಬಟ್ಟೆ ಸಿಗುತ್ತದೆ. ಪಡೆಯುವವರು ಕೈಯೊಡ್ಡಿ ನಿಲ್ಲಬೇಕಾಗಿಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದಾಗ ನಮ್ಮ ಊರಿನಿಂದಲೂ ಗಾಡಿಗಳು ಹೊರಟವು. ಆ ಮಳೆಯಲ್ಲಿ ಶಿಬಿರದವರಿಗೆ ಬೇಕಾಗಿದ್ದದ್ದು ಒಣಗಿದ ಹೊದಿಕೆ, ಹೊಸ ಒಳ ಉಡುಪು, ನೈಟಿ, ಮಳೆ ಅಂಗಿ. ಮೊದಲು ಫೋನ್ ಮಾಡಿ ಏನು ಬೇಕೆಂದು ಕೇಳಿದರೆ ಯಾರ ಗಂಟೂ ಹೋಗುವುದಿಲ್ಲ.

ನದಿಯ ವಿಷಯ ಹೇಳದಿದ್ದರೆ ಈ ಮಾತು ಮುಗಿಯುವುದಿಲ್ಲ. ಕೆಲವರಿಗೆ ಬೇಸರವಾಗಬಹುದು. ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ, ನಂಜನಗೂಡಿನ ಸ್ನಾನಘಟ್ಟಕ್ಕೆ ಹೋದವರು ನೋಡಿರುತ್ತೀರಿ. ಸ್ನಾನ ಮಾಡಿ ಉಟ್ಟ ಬಟ್ಟೆಯನ್ನು ನೀರಿಗೆ ಬಿಡುತ್ತಾರೆ. ಅಸ್ಥಿ ವಿಸರ್ಜನೆಗೆ ಬಂದವರು ಸತ್ತವರ ಬಟ್ಟೆಯ ಗಂಟನ್ನೇ ಬಿಡುತ್ತಾರೆ. 1948ರಲ್ಲಿ ಗಾಂಧೀಜಿಯ ಚಿತಾಭಸ್ಮವನ್ನು ಬಿಟ್ಟ ನೀರು ಪಶ್ಚಿಮವಾಹಿನಿಯದು. ಈಗ ಮೆಟ್ಟಿಲ ಬಳಿ ನಿಂತರೆ ಕಾಲಿಗೆ ತೊಡರುವುದು ಸೀರೆ, ಪಂಚೆ, ಪ್ಯಾಂಟು. ನೀರು ಇಳಿದಾಗ ಬಂಡೆಗಳ ಸಂದಿಯಲ್ಲಿ ಕೆಸರು ತುಂಬಿಕೊಂಡು ನೇತಾಡುತ್ತಿರುತ್ತವೆ. ಒಂದು ಒದ್ದೆ ಸೀರೆಯನ್ನು ಕೆಸರಿನಿಂದ ಎಳೆದು ನೋಡಿ, ಇಬ್ಬರು ಬೇಕು. ಹತ್ತಿಯಾದರೆ ಎಂದೋ ಕೊಳೆತೀತು. ಪಾಲಿಯೆಸ್ಟರ್ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಅಲ್ಲೇ ಇರುತ್ತದೆ. 2025ರ ಮಾರ್ಚಿನಲ್ಲಿ ರಾಜ್ಯದ ಅರಣ್ಯ ಮತ್ತು ಪರಿಸರ ಸಚಿವರು ಸ್ನಾನಘಟ್ಟಗಳ 500 ಮೀಟರ್ ಒಳಗೆ ಸೋಪು, ಶಾಂಪೂ ಮಾರದಂತೆ, ಭಕ್ತರು ನದಿಗೆ ಬಟ್ಟೆ ಬಿಡದಂತೆ ನೋಡಿಕೊಳ್ಳಿ ಎಂದು ಅಧಿಕಾರಿಗಳಿಗೆ ಸೂಚಿಸಿದ್ದರು. ಶಾಸ್ತ್ರದ ವಾದಕ್ಕೆ ನಾನು ಇಳಿಯುವುದಿಲ್ಲ. ಸತ್ತವರ ಬಟ್ಟೆಯನ್ನು ಮನೆಯಲ್ಲಿ ಇಟ್ಟುಕೊಳ್ಳಲು ಮನಸ್ಸು ಬಾರದು ಎಂಬುದೂ ನನಗೆ ಅರ್ಥವಾಗುತ್ತದೆ. ಒಗೆದು, ಒಣಗಿಸಿ ನಮ್ಮಲ್ಲಿಗೆ ತನ್ನಿ. ಯಾರದೆಂದು ನಾವು ಕೇಳುವುದಿಲ್ಲ. ಅದನ್ನು ಉಡುವವರಿಗೂ ಆ ಪ್ರಶ್ನೆ ಮುಖ್ಯವಲ್ಲ.

ಉಳಿದದ್ದನ್ನು ಬೇಗ ಬೇಗ ಹೇಳಿಬಿಡುತ್ತೇನೆ. ಬಳಸಿದ ಒಳ ಉಡುಪನ್ನು ಯಾರಿಗೂ ಕೊಡಬೇಡಿ. ಹತ್ತಿಯದಾದರೆ ಒಗೆದು ಚಿಂದಿ ಮಾಡಿ, ಇಲ್ಲದಿದ್ದರೆ ಒಣ ಕಸಕ್ಕೆ. ಒಂಟಿ ಕಾಲುಚೀಲಕ್ಕೂ ಅದೇ ಗತಿ. ಹಳೆಯ ಟವೆಲ್, ಮೇಲುಹಾಸುಗಳನ್ನು ನಾಯಿ, ಹಸುಗಳ ಆಶ್ರಯ ತಾಣಗಳು ಕೇಳುತ್ತವೆ. ಫೋನ್ ಮಾಡಿ ಹೋಗಿ. ದಿಂಬನ್ನು ಯಾರೂ ತೆಗೆದುಕೊಳ್ಳುವುದಿಲ್ಲ. ಒಳಗೆ ಹತ್ತಿಯೋ ಬೂರುಗವೋ ಇದ್ದರೆ ಹಾಸಿಗೆ ಹೊಲಿಯುವವರು ಬಿಡಿಸಿ, ಹಿಂಜಿ, ಮತ್ತೆ ತುಂಬಿಕೊಡುತ್ತಾರೆ. ಸಮವಸ್ತ್ರವನ್ನು ಪರೀಕ್ಷೆ ಮುಗಿದ ಏಪ್ರಿಲಿನಲ್ಲೇ ಕೊಡಿ, ಅದೇ ಶಾಲೆಯ ಕೆಳಗಿನ ತರಗತಿಯವರಿಗೆ. ಲಾಂಛನ ಇರುವುದರಿಂದ ಬೇರೆಲ್ಲೂ ಅದು ನಡೆಯುವುದಿಲ್ಲ. ಜೂನ್ ಬಂದ ಮೇಲೆ ಕೊಟ್ಟರೆ ಅಷ್ಟರಲ್ಲಿ ಎಲ್ಲರೂ ಸಾಲ ಮಾಡಿ ಕೊಂಡಾಗಿರುತ್ತದೆ.

ಕೊನೆಗೆ ಒಬ್ಬರು ಚೀಟಿ ಕಳಿಸಿದ್ದಾರೆ: ‘ನಾವು ಕೊಟ್ಟ ಬಟ್ಟೆಯನ್ನು ಪಡೆದವರು ಮಾರಿಕೊಳ್ಳುತ್ತಾರಂತೆ, ಇದು ಸರಿಯೇ?’ ಮಾರಿಕೊಳ್ಳಲಿ. ಕೊಟ್ಟ ಮೇಲೆ ಅದು ನಿಮ್ಮದಲ್ಲ. ಸಂತೆಯಲ್ಲಿ ಮೂವತ್ತು ರೂಪಾಯಿ ಕೊಟ್ಟು ಹಳೆಯ ಅಂಗಿ ಕೊಳ್ಳುವವನು ತೋಳು ಅಳೆದು, ಬಣ್ಣ ಆರಿಸಿ, ಬೇಡವೆನಿಸಿದರೆ ಬಿಟ್ಟು ಹೋಗುತ್ತಾನೆ. ದಾನ ಪಡೆಯುವವನಿಗೆ ಆ ಅನುಕೂಲವಿಲ್ಲ, ಕೊಟ್ಟದ್ದನ್ನು ತೆಗೆದುಕೊಂಡು ಕೈಮುಗಿಯಬೇಕು. ಇದನ್ನು ನೋಡಿ ನೋಡಿ ನಾವೂ ಕ್ರಮ ಬದಲಾಯಿಸಿದ್ದೇವೆ. ನಮ್ಮ ಕೋಣೆಯಲ್ಲಿ ಈಗ ಬಟ್ಟೆಯನ್ನು ಗಂಟು ಕಟ್ಟಿ ಕೊಡುವುದಿಲ್ಲ. ಹಗ್ಗ ಕಟ್ಟಿ ನೇತು ಹಾಕುತ್ತೇವೆ, ಹತ್ತು ರೂಪಾಯಿ, ಇಪ್ಪತ್ತು ರೂಪಾಯಿ ಎಂದು ಚೀಟಿ ಅಂಟಿಸುತ್ತೇವೆ, ಗೋಡೆಗೆ ಆಳೆತ್ತರದ ಕನ್ನಡಿ ಹಾಕಿದ್ದೇವೆ. ಬಂದವರು ಎರಡು ಮೂರು ತೊಟ್ಟು ನೋಡಿ, ಇದು ಬಿಗಿ, ಇದು ಚೆಂದವಿಲ್ಲ ಎಂದು ಮೂಗು ಮುರಿಯುತ್ತಾರೆ. ಬಂದ ದುಡ್ಡಿನಲ್ಲಿ ಸೋಪಿನ ಪುಡಿ, ಸೂಜಿ, ದಾರ, ಗುಂಡಿ ಕೊಳ್ಳುತ್ತೇವೆ. ಸದ್ಯಕ್ಕೆ ಬಟ್ಟೆ ಸಾಕಷ್ಟಿದೆ, ಸಾಲದಿರುವುದು ಹ್ಯಾಂಗರ್. ನಿಮ್ಮ ಬೀರುವಿನಲ್ಲಿ ಹೆಚ್ಚಿಗೆ ಇದ್ದರೆ ತಂದುಕೊಡಿ, ಆ ಗುಂಡಿ ಡಬ್ಬಿಯನ್ನೂ.